ಹೊಸ ಮಂಡಿ, ಹಳೆಯ ಮನೆ

ಮೈಸೂರಿನ ಆಸ್ಪತ್ರೆಯಿಂದ ಹೊರಟ ಕಾರೊಂದು ನಾಗಮಂಗಲದ ಹಳೆಯ ತೊಟ್ಟಿಮನೆಯ ಮುಂದೆ ಬಂದು ನಿಂತಿತೆನ್ನಿ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿರುವ, ಅರುವತ್ತೆಂಟು ದಾಟಿದ ಹಿರಿಯಾಕೆಗೆ ಐದು ದಿನಗಳ ಹಿಂದೆ ಬಲಮಂಡಿಯ ಸವೆದ ಕೀಲನ್ನು ತೆಗೆದು ಕೃತಕ ಕೀಲನ್ನು ಕೂರಿಸಿದ್ದಾರೆ. ಸೊಸೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಮಗ ಕಾರಿನಿಂದ ವಾಕರನ್ನು ಇಳಿಸುತ್ತಿದ್ದಾನೆ. ಜಗಲಿಗೆ ಮೂರು ಮೆಟ್ಟಿಲು; ಅದರಾಚೆ ಒಂದು ಗೇಣು ಎತ್ತರದ ಹೊಸ್ತಿಲು; ಒಳಗೆ ತೊಟ್ಟಿಯ ಸುತ್ತ ಮೂರು ತಲೆಮಾರಿನ ಕಾಲು ಸವೆಸಿ ನುಣುಪಾಗಿಸಿದ ಕಲ್ಲುಚಪ್ಪಡಿ; ಕತ್ತಲೆಯ ನಡುಮನೆಯನ್ನು ದಾಟಿ ಹಿತ್ತಲಿಗೆ ಹೋದರೆ ಬಚ್ಚಲುಮನೆ, ಅದರ ಪಕ್ಕದಲ್ಲಿ ಪಾಯಖಾನೆ. ಆಸ್ಪತ್ರೆಯ ಸಮನಾದ ನೆಲದ ಮೇಲೆ, ದಾದಿಯ ಕಣ್ಣೆದುರಿನಲ್ಲಿ ಇಪ್ಪತ್ತು ಹೆಜ್ಜೆ ನಡೆದು ಬಂದ ಈ ಹೆಂಗಸಿಗೆ ತಾನು ನಲವತ್ತೈದು ವರ್ಷ ಬಾಳಿದ ಮನೆಯೇ ಇಂದು ಗುರುತಿಲ್ಲದ ಊರಾಗಿದೆ.

“ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿಬಿಡೋಣ,” ಎಂದು ಮಗ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾನೆ. ಹಿರಿಯಾಕೆಗೂ ಅದು ಹಿತವಾಗಿಯೇ ಕೇಳಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ಅದೇ ಬೆಳಗ್ಗೆ ನಾಲ್ಕು ಮೆಟ್ಟಿಲು ಹತ್ತಿಸಿ ಇಳಿಸಿ ಕಳುಹಿಸಿದ್ದಾರೆ. ಆಕೆ ಈ ಮೂರನ್ನೂ ಹತ್ತಬಲ್ಲಳು. ಪ್ರೀತಿಯಿಂದ ಎತ್ತಿ ಒಳಗೆ ತಂದ ಆ ಗಳಿಗೆಯಿಂದಲೇ ಹೊಸ ಮಂಡಿಯ ಕೇಡು ಆರಂಭವಾಗುವುದುಂಟು.

ಆ ಹಿರಿಯಾಕೆಗೆ ಹೆಸರು ಬೇಕಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳಲ್ಲಿ ಯಾವ ಬೀದಿಯಲ್ಲಿ ವಿಚಾರಿಸಿದರೂ ಇಂಥವರೊಬ್ಬರು ಸಿಕ್ಕಾರು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಬಯಲಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಾಟಿ ಹಾಕಿದವರು, ನಾಗಮಂಗಲದ ಬೆದ್ದಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ರಾಗಿಯ ಕಳೆ ಕಿತ್ತವರು, ಪೇಟೆಯ ಮನೆಗಳಲ್ಲಿ ಈಳಿಗೆಮಣೆಯ ಮುಂದೆ ಒಂದು ಕಾಲು ಮಡಿಸಿ ಐವತ್ತು ವರ್ಷ ತರಕಾರಿ ಹೆಚ್ಚಿದವರು — ಇವರ ಮಂಡಿಗಳು ಮಾಡಿದ ದುಡಿಮೆಯ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ವಯಸ್ಸು, ಮೈಭಾರ, ವಂಶದ ಗುಣ, ಪದೇ ಪದೇ ಕುಕ್ಕರಿಸಿ ಏಳುವ ಕೆಲಸ, ಎಲ್ಲವೂ ಸೇರಿ ಎಲುಬುಗಳ ತುದಿಯನ್ನು ಮುಚ್ಚಿದ್ದ ನುಣುಪಾದ ಮೃದ್ವಸ್ಥಿ ಸವೆದುಹೋಗುತ್ತದೆ. ಎಲುಬಿಗೆ ಎಲುಬು ಉಜ್ಜತೊಡಗಿದ ಮೇಲೆ ಎಣ್ಣೆಯೂ ಇಲ್ಲ, ಮುಲಾಮೂ ಇಲ್ಲ. ಗಂಡಸರಿಗಿಂತ ಹೆಂಗಸರಿಗೆ ಈ ಬಾಧೆ ಹೆಚ್ಚು. ಅವರು ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಕಡಿಮೆ. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟಕ್ಕೆ ಪ್ರತಿ ವರ್ಷ ಹೋಗುತ್ತಿದ್ದವರು ಒಂದು ವರ್ಷ “ನೀವು ಹತ್ತಿ ಬನ್ನಿ, ನಾನು ಕಲ್ಯಾಣಿಯ ಹತ್ತಿರ ಕೂತಿರುತ್ತೇನೆ,” ಎಂದರೆ, ಮನೆಯವರು ಅದನ್ನು ಆಯಾಸವೆಂದುಕೊಳ್ಳುತ್ತಾರೆ. ಮಂಡಿ ಅಲ್ಲಿಗಾಗಲೇ ಅರ್ಧ ಹೋಗಿರುತ್ತದೆ.

ಕೀಲು ಬದಲಾಯಿಸುವ ವಿದ್ಯೆ ತೀರ ಹೊಸದೇನಲ್ಲ. 1890ರ ಸುಮಾರಿಗೇ ಬರ್ಲಿನ್ನಿನ ಗ್ಲುಕ್ ಎಂಬ ಶಸ್ತ್ರವೈದ್ಯ ದಂತದಲ್ಲಿ ಮಂಡಿಯನ್ನು ಕಡೆಸಿ ಕೂರಿಸಿ ನೋಡಿದ್ದ, ಅವು ಉಳಿಯಲಿಲ್ಲ. ಸೊಂಟದ ಕೀಲಿಗೆ ಬಾಳಿಕೆ ಬರುವ ಪರಿಹಾರ ಕಂಡುಹಿಡಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲೆ. ಅವರನ್ನು ಆ ದಾರಿಗೆ ಹಚ್ಚಿದ್ದು ಒಂದು ಸಂಸಾರದ ಕಥೆಯೆಂದು ಹೇಳುತ್ತಾರೆ. ಆಗಿನ ಕಾಲದ ಅಕ್ರಿಲಿಕ್ ಕೀಲು ಹಾಕಿಸಿಕೊಂಡಿದ್ದ ಒಬ್ಬಾತ ಮುಂದಕ್ಕೆ ಬಾಗಿದಾಗಲೆಲ್ಲ ಕೀಲು ಕಿರುಗುಟ್ಟುತ್ತಿತ್ತಂತೆ. ಆ ಸದ್ದನ್ನು ತಾಳಲಾರದೆ ಹೆಂಡತಿ ಅವನ ಹತ್ತಿರ ಕೂರುವುದನ್ನೇ ಬಿಟ್ಟಳಂತೆ. ಘರ್ಷಣೆ ಕಡಿಮೆಯಿರುವ ವಸ್ತುವಿಗಾಗಿ ಚಾರ್ನ್ಲೆ ಮೊದಲು ಟೆಫ್ಲಾನನ್ನು ನಂಬಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು ಕೈಕೊಟ್ಟಿತು. ಆ ವಸ್ತುವಿಗೆ ಮೈ ಹೇಗೆ ಪ್ರತಿಕ್ರಿಯಿಸುತ್ತದೆಂದು ತಿಳಿಯಲು ಅದರ ಚೂರನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡ ಮನುಷ್ಯ ಅವರು. ಕಡೆಗೆ 1962ರ ನವೆಂಬರಿನಲ್ಲಿ ಗಟ್ಟಿ ಪಾಲಿಥೀನಿನ ಬಟ್ಟಲಿನಲ್ಲಿ ಲೋಹದ ಗುಂಡನ್ನು ಕೂರಿಸಿದರು, ಅದು ನಿಂತಿತು. ಮಂಡಿಯ ವಿದ್ಯೆ ಇನ್ನೊಂದು ದಶಕ ತಡವಾಗಿ ಹದಕ್ಕೆ ಬಂದಿತು. ಇಂದು ತೊಡೆಯೆಲುಬಿನ ತುದಿಗೆ ಲೋಹದ ಟೋಪಿ, ಕಣಕಾಲೆಲುಬಿನ ಮೇಲೆ ಲೋಹದ ತಟ್ಟೆ, ನಡುವೆ ಪಾಲಿಥೀನಿನ ಹಲಗೆ, ಇವನ್ನು ಎಲುಬಿಗೆ ಅಂಟಿಸಲು ಒಂದು ಬಗೆಯ ಸಿಮೆಂಟು. ‘ಮಂಡಿ ಬದಲಾಯಿಸುವುದು’ ಎಂದರೂ ಬದಲಾಗುವುದು ಹೆಚ್ಚು ಕಡಿಮೆ ಮೇಲ್ಪದರವೇ.

ಭಾರತದ ಮನೆಮನೆಗೂ ಈ ಚಿಕಿತ್ಸೆಯ ಹೆಸರು ಮುಟ್ಟಿದ್ದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರಿಂದ. 2000ದ ಅಕ್ಟೋಬರಿನಲ್ಲಿ ಅವರ ಎಡಮಂಡಿಗೂ 2001ರ ಜೂನಿನಲ್ಲಿ ಬಲಮಂಡಿಗೂ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಡಾಕ್ಟರ್ ಚಿತ್ತರಂಜನ್ ರಾಣಾವತ್ ಶಸ್ತ್ರಕ್ರಿಯೆ ಮಾಡಿದರು. ಪತ್ರಿಕೆಗಳು ದಿನದಿನವೂ ಅವರ ಹೆಜ್ಜೆಗಳ ಸುದ್ದಿ ಕೊಟ್ಟವು. ಅಂದು ಅದು ದೊಡ್ಡವರ ಚಿಕಿತ್ಸೆ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ರೂಪಾಯಿಗೂ ಮೀರಿ ಮಾರುತ್ತಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ ಗೊತ್ತಾಯಿತು. ಆಸ್ಪತ್ರೆಯ ಉಳಿದ ಖರ್ಚು ಇದ್ದೇ ಇದೆಯಾದರೂ, ಒಬ್ಬ ಮೇಷ್ಟರ ಮನೆಯವರು, ಒಬ್ಬ ಗುಮಾಸ್ತರ ತಾಯಿ ಈ ಮಾತನ್ನು ಯೋಚಿಸುವಂತಾಯಿತು. ಮೈಸೂರು, ಬೆಂಗಳೂರು, ಮಂಡ್ಯ, ಬೆಳ್ಳೂರಿನ ಪಕ್ಕದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ — ಎಲ್ಲಿಗೆ ಹೋದರೂ ನಾಲ್ಕೈದು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ನಿಜವಾದ ಕೆಲಸ ಆಮೇಲಿನದು.

ಶಸ್ತ್ರವೈದ್ಯರು ಒಂದೂವರೆ ಎರಡು ಗಂಟೆ ದುಡಿಯುತ್ತಾರೆ. ಅವರು ಕೊಡುವುದು ಕೀಲನ್ನು. ಅದನ್ನು ಕಾಲಾಗಿ ಮಾಡುವುದು ಮುಂದಿನ ಆರು ವಾರಗಳಲ್ಲಿ ಮನೆಯವರೂ ರೋಗಿಯೂ ಕೂಡಿ ಮಾಡುವ ಕೆಲಸ. ಕೊಯ್ದ ಜಾಗದಲ್ಲಿ ಮೈ ಹೊಸ ಅಂಗಾಂಶವನ್ನು ಕಟ್ಟುತ್ತಲೇ ಇರುತ್ತದೆ. ಆ ದಿನಗಳಲ್ಲಿ ಮಂಡಿ ಮಡಿಸಿ ಚಾಚುತ್ತಿದ್ದರೆ ಅದು ಬಗ್ಗುವಂತೆ ಕಟ್ಟಿಕೊಳ್ಳುತ್ತದೆ. ಅಲುಗಾಡದೆ ಇಟ್ಟರೆ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಮೊದಲ ವಾರಗಳನ್ನು ಕಳೆದುಕೊಂಡವರು ಆಮೇಲೆ ಎಷ್ಟು ಶ್ರಮಪಟ್ಟರೂ ಅದು ಇಮ್ಮಡಿ ಶ್ರಮ. ಕೆಲವರಿಗೆ ಮತ್ತೆ ಆಸ್ಪತ್ರೆಗೆ ಹೋಗಿ, ಮತ್ತು ಬರಿಸಿಕೊಂಡು, ವೈದ್ಯರ ಕೈಯಿಂದ ಮಂಡಿಯನ್ನು ಬಗ್ಗಿಸಿಸಿಕೊಳ್ಳಬೇಕಾಗುತ್ತದೆ.

ಕನ್ನಡದ ಮನೆಗಳಲ್ಲಿ ಕಾಯಿಲೆಯ ಉಪಚಾರವೆಂದರೆ ಮಲಗಿಸುವುದು. ಬಾಣಂತಿಯನ್ನು ಮಲಗಿಸಿದಂತೆ, ವಿಷಮಶೀತ ಜ್ವರದವರನ್ನು ಮಲಗಿಸಿದಂತೆ, ಮಂಡಿಯವರನ್ನೂ ಮಲಗಿಸುತ್ತಾರೆ. ನೀರಿನ ಲೋಟ ಹಾಸಿಗೆಗೆ ಬರುತ್ತದೆ, ತಟ್ಟೆ ಹಾಸಿಗೆಗೆ ಬರುತ್ತದೆ. ಮಂಡಿ ನೋಯುತ್ತಿದೆಯೆಂದು ಕೆಳಗೆ ಮೆತ್ತನೆಯ ದಿಂಬನ್ನಿಟ್ಟು ಸ್ವಲ್ಪ ಮಡಿಸಿಡುತ್ತಾರೆ. ಆ ದಿಂಬು ಹಿತವಾದದ್ದು, ಹಿತವಾದದ್ದರಿಂದಲೇ ಅಪಾಯಕರವಾದದ್ದು. ಹೀಗೆ ಮಡಿಸಿದ ಭಂಗಿಯಲ್ಲಿಯೇ ಹಗಲಿರುಳು ಕಳೆದ ಕಾಲು ಮುಂದೆ ನೇರವಾಗಲು ಒಪ್ಪುವುದಿಲ್ಲ. ನೇರವಾಗದ ಕಾಲು ಗಿಡ್ಡ ಕಾಲಿನಂತೆ ಕುಂಟುತ್ತದೆ. ಸೊಂಟಕ್ಕೂ ಇನ್ನೊಂದು ಮಂಡಿಗೂ ಆ ಹೊರೆ ಬೀಳುತ್ತದೆ. ದಿಂಬನ್ನು ಇಡಲೇಬೇಕಾದರೆ ಹಿಮ್ಮಡಿಯ ಕೆಳಗೆ, ಮಂಡಿ ಗಾಳಿಯಲ್ಲಿ ತೇಲುವಂತೆ ಇಡಬೇಕು. ಸುತ್ತಿದ ಟವಲೊಂದನ್ನು ಹಿಮ್ಮಡಿಯ ಕೆಳಗಿಟ್ಟು ಹತ್ತು ನಿಮಿಷ ಬಿಟ್ಟರೆ ಮಂಡಿ ತನ್ನ ಭಾರದಿಂದಲೇ ನೇರವಾಗುತ್ತ ಬರುತ್ತದೆ. ನೋಯುತ್ತದೆ, ನಿಜ.

ಇನ್ನು ವ್ಯಾಯಾಮ. ಅದರಲ್ಲಿ ಗರಡಿಯ ಸಾಮು ಏನೂ ಇಲ್ಲ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಪಾದವನ್ನು ಹತ್ತು ಹದಿನೈದು ಸಲ ಮೇಲಕ್ಕೂ ಕೆಳಕ್ಕೂ ಆಡಿಸುವುದು. ಕಾಲನ್ನು ಚಾಚಿ, ಮಂಡಿಯನ್ನು ಹಾಸಿಗೆಗೆ ಒತ್ತಿ, ತೊಡೆಯ ಸ್ನಾಯು ಬಿಗಿಯಾಗುವಂತೆ ಐದೆಣಿಸಿ ಸಡಿಲಿಸುವುದು. ಮಲಗಿದಲ್ಲಿಯೇ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಕಾಲು ಮಡಿಸುವುದು. ಕಾಲನ್ನು ನೇರವಾಗಿಟ್ಟು ಒಂದು ಗೇಣು ಎತ್ತಿ ಹಿಡಿಯುವುದು. ಮಂಚದ ಅಂಚಿನಲ್ಲಿ ಕುಳಿತು ಕಾಲನ್ನು ಇಳಿಬಿಟ್ಟು, ಒಳ್ಳೆಯ ಕಾಲಿನಿಂದ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವುದು. ದಿನಕ್ಕೆ ಮೂರು ನಾಲ್ಕು ಸಲ ಇದರ ಆವೃತ್ತಿ. ಎರಡು ವಾರಗಳ ಹೊತ್ತಿಗೆ ಮಂಡಿ ಸುಮಾರು 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಕುಳಿತಾಗ ಪಾದ ಮಂಡಿಯ ನೇರಕ್ಕೆ ಬರುವಷ್ಟು, ಬಗ್ಗಿದರೆ ಒಳ್ಳೆಯ ದಾರಿಯಲ್ಲಿದೆಯೆಂದು ಅರ್ಥ. ಸಮನೆಲದಲ್ಲಿ ನಡೆಯಲು 65–70 ಡಿಗ್ರಿ ಸಾಕು. ಮೆಟ್ಟಿಲಿಗೆ 90 ಬೇಕು. ತಗ್ಗಿನ ಕುರ್ಚಿಯಿಂದ ಕೈಯೂರದೆ ಏಳಲು ನೂರರ ಮೇಲೆ ಬೇಕು. ಮೂರು ತಿಂಗಳಲ್ಲಿ ಅನೇಕರು 110–120ಕ್ಕೆ ಮುಟ್ಟುತ್ತಾರೆ. ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವುದು ಜಾಣತನ. “ಗುಳಿಗೆ ಹೆಚ್ಚು ತಿನ್ನಬಾರದು,” ಎಂದು ನೋವು ತಡೆದುಕೊಂಡು, ವ್ಯಾಯಾಮವನ್ನೂ ಬಿಟ್ಟು ಮಲಗುವುದು ಲಾಭವಿಲ್ಲದ ಶೌರ್ಯ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ಮುಟ್ಟಬಾರದು.

ಈ ತಾಲ್ಲೂಕುಗಳ ಕಷ್ಟವೇನೆಂದರೆ, ಬೆಂಗಳೂರಿನಲ್ಲಿರುವಂತೆ ದಿನವೂ ಮನೆಗೆ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟರು ಹಳ್ಳಿಗೆ ಹತ್ತಿರದ ಮನೆಗಳಿಗೆ ಸುಲಭವಾಗಿ ದೊರೆಯುವುದಿಲ್ಲ. ಆ ಕೆಲಸ ಸಾಮಾನ್ಯವಾಗಿ ಸೊಸೆಯ ಪಾಲಿಗೆ ಬರುತ್ತದೆ.

“ಸಾಕು ಬಿಡವ್ವಾ, ಜೀವ ಹೋಗುತ್ತೆ.”

“ಇನ್ನು ನಾಲ್ಕೇ ಸಲ, ಅತ್ತೆ. ಎಣಿಸಿ ನೀವೇ.”

“ನಿನಗೆ ಕರುಣೆ ಅನ್ನೋದು ಇಲ್ಲವಲ್ಲ...”

ಈ ಮಾತು ಗೋಡೆಯಾಚೆಗೆ ಕೇಳಿಸುತ್ತದೆ. ಸೊಸೆ ಅತ್ತೆಯನ್ನು ಗೋಳುಹೊಯ್ದುಕೊಳ್ಳುತ್ತಾಳೆಂದು ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಮಾತಾಗುತ್ತದೆ. ಸಂಜೆ ನಾದಿನಿ ಫೋನ್ ಮಾಡಿ, “ಅಮ್ಮನಿಗೆ ಯಾಕೆ ಅಷ್ಟು ಹಿಂಸೆ ಕೊಡುತ್ತೀರಿ, ಅತ್ತಿಗೆ? ಮೊದಲು ಸುಧಾರಿಸಿಕೊಳ್ಳಲಿ,” ಎನ್ನುತ್ತಾಳೆ. ಮಗ ಎರಡು ಕಡೆಗೂ ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿಗೆ ಆ ಹೆಣ್ಣುಮಗಳೂ ಸೋತು ಕೈಬಿಟ್ಟರೆ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಮಂಡಿಯೊಂದಕ್ಕೆ ಮಾತ್ರ ಅಲ್ಲ. ಈ ಕಾರಣಕ್ಕಾಗಿ ಆಸ್ಪತ್ರೆಯಿಂದ ಹೊರಡುವ ದಿನ ವ್ಯಾಯಾಮ ಕಲಿಸುವ ಹೊತ್ತಿನಲ್ಲಿ ಮಗನೂ ಮಗಳೂ ಅಲ್ಲಿರುವುದು ಮೇಲು. ಫೋನಿನಲ್ಲಿ ಚಿತ್ರ ತೆಗೆದುಕೊಂಡರೆ ಇನ್ನೂ ಮೇಲು. ವೈದ್ಯರ ಬಾಯಿಂದಲೇ ಬಂದ ಮಾತು ಸೊಸೆಯ ಕ್ರೌರ್ಯವೆನಿಸಿಕೊಳ್ಳುವುದಿಲ್ಲ.

ಮೂರನೆಯ ವಾರದ ಬಗ್ಗೆ ಒಂದು ಮಾತನ್ನು ಮುಂಚಿತವಾಗಿ ಹೇಳಿಟ್ಟಿರಬೇಕು. ಆಸ್ಪತ್ರೆಯ ಗದ್ದಲ ಮುಗಿದಿರುತ್ತದೆ, ನೋಡಲು ಬರುವವರು ಕಡಿಮೆಯಾಗಿರುತ್ತಾರೆ, ರಾತ್ರಿ ನಿದ್ರೆ ಹತ್ತುವುದಿಲ್ಲ, ಮಂಡಿ ಇನ್ನೂ ಊದಿಕೊಂಡು ಬಿಸಿಯಾಗಿಯೇ ಇರುತ್ತದೆ. “ಯಾಕಾದರೂ ಮಾಡಿಸಿಕೊಂಡೆನೋ,” ಎಂದು ಗಟ್ಟಿ ಹೆಂಗಸರೂ ಸೆರಗು ಮುಚ್ಚಿಕೊಂಡು ಅಳುವ ಕಾಲ ಅದು. ಊತ ಮೂರು ತಿಂಗಳು, ಕೆಲವರಿಗೆ ಆರು ತಿಂಗಳು ಇರುವುದು ಸಹಜ. ಗಾಯದ ಹೊರಬದಿಯ ಚರ್ಮ ಮರಗಟ್ಟಿದಂತಿರುವುದೂ, ನಡೆಯುವಾಗ ಒಳಗೆ ‘ಟಕ್’ ಎನ್ನುವುದೂ ಸಹಜವೇ. ತೆಳು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು, ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗಿದರೆ ಊತ ಇಳಿಯುತ್ತದೆ. ಬಿಸಿ ಶಾಖ, ಬಿಸಿ ಎಣ್ಣೆ, ಊರಿನ ನಾಟಿ ವೈದ್ಯರಿಂದ ನೀವಿಸುವುದು ಇವು ಯಾವುವೂ ಈ ವಾರಗಳಲ್ಲಿ ಸಲ್ಲವು. ಎಲುಬು ಕೂರಿಸುವುದರಲ್ಲಿ ಎಷ್ಟೇ ಹೆಸರಾದ ಕೈಯಾಗಿರಲಿ, ಲೋಹದ ಕೀಲು ಅವರ ಅನುಭವಕ್ಕೆ ಹೊರಗಿನದು.

ನೆಂಟರ ವಿಷಯ ಬೇರೆ. ಹಾರ್ಲಿಕ್ಸ್ ಬಾಟಲಿಯನ್ನೂ ಅರ್ಧ ಡಜನ್ ಮೋಸಂಬಿಯನ್ನೂ ಹಿಡಿದು ಬಂದವರ ಮುಂದೆ ಮಲಗಿರುವುದು ಮರ್ಯಾದೆಯಲ್ಲವೆಂದು ಹಿರಿಯಾಕೆ ಎರಡು ಗಂಟೆ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಸಂಜೆಗೆ ಪಾದ ಕುಂಬಳಕಾಯಿಯಾಗುತ್ತದೆ. ಬಂದವರು ಹೇಳುವ ಕಥೆಗಳೋ! ಕಿಕ್ಕೇರಿಯ ಯಾರಿಗೋ ಕಾಲು ಸೆಟೆದು ಹೋದದ್ದು, ಮದ್ದೂರಿನ ಯಾರಿಗೋ ಮತ್ತೆ ಕೊಯ್ದದ್ದು. ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಿಗೊಬ್ಬರು ಪೂರ್ಣ ತೃಪ್ತರಾಗುವುದಿಲ್ಲವೆಂಬುದು ವೈದ್ಯರೂ ಒಪ್ಪಿದ ಮಾತು. ಉಳಿದ ನಾಲ್ವರು ಮಾತ್ರ ನೆಂಟರ ಕಥೆಗಳಲ್ಲಿ ಬರುವುದಿಲ್ಲ. ಅವರು ಸಂತೆಗೆ ಹೋಗಿರುತ್ತಾರೆ.

ನೆಂಟರ ಇನ್ನೊಂದು ಕೊಡುಗೆ ‘ನಂಜು’. ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆ ಬಿಸಿ, ಅವರೆಕಾಳು ವಾಯು, ಕೋಳಿ ಕೇಳಲೇ ಬೇಡಿ. ಕೊನೆಗೆ ಉಳಿಯುವುದು ಗಂಜಿ, ತಿಳಿಸಾರು, ಬ್ರೆಡ್ಡು. ಕೊಯ್ದ ಸ್ನಾಯು ಕೂಡಿಕೊಳ್ಳಬೇಕಾದ ದಿನಗಳಲ್ಲಿ ಹೀಗೆ ಉಪವಾಸ ಕೆಡವುವುದು ಅನ್ಯಾಯ. ಗಾಯ ಮಾಯಲು ಬೇಕಾದದ್ದೇ ಪ್ರೋಟೀನು. ಅದು ಬೇಳೆಯಲ್ಲಿದೆ, ಹುರುಳಿಯಲ್ಲಿದೆ, ಹಾಲು ಮೊಸರಿನಲ್ಲಿದೆ, ತಿನ್ನುವವರಿಗೆ ಮೊಟ್ಟೆ ಮಾಂಸಗಳಲ್ಲಿದೆ. ನೋವಿನ ಮದ್ದುಗಳು ಮಲಬದ್ಧತೆಯನ್ನು ತರುವುದರಿಂದ ರಾಗಿಮುದ್ದೆ, ಸೊಪ್ಪಿನ ಸಾರು, ಸಾಕಷ್ಟು ನೀರು ಈ ಸೀಮೆಯವರಿಗೆ ಹೇಳಿಕೊಡಬೇಕಾದ ಪಥ್ಯವೇ ಅಲ್ಲ. ಸಕ್ಕರೆ ಕಾಯಿಲೆಯವರು ಮಾತ್ರ ಸಕ್ಕರೆಯನ್ನು ಹತೋಟಿಯಲ್ಲಿಡಲೇಬೇಕು. ಗಾಯ ಕೀವಾಗುವ ಭಯ ಬದನೆಕಾಯಿಯಿಂದಲ್ಲ, ಅಲ್ಲಿಂದ.

ಗಾಯದ ಹೊಲಿಗೆಯನ್ನು ಎರಡು ವಾರಗಳ ಸುಮಾರಿಗೆ ತೆಗೆಯುತ್ತಾರೆ. ಅಲ್ಲಿಯವರೆಗೆ ಪಟ್ಟಿ ಒದ್ದೆಯಾಗಬಾರದು. ಎಣ್ಣೆನೀರು, ಹಂಡೆಯ ಬಿಸಿನೀರಿನ ಅಭ್ಯಂಜನ ಸ್ವಲ್ಪ ಕಾಯಬೇಕು. ಕಾಲು ಸರಿಹೋದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಮುಳುಗು ಹಾಕುತ್ತೇನೆಂದು ಹರಕೆ ಹೊತ್ತವರಿದ್ದರೆ, ಹಕ್ಕಳೆಯೆಲ್ಲ ಉದುರಿ ವೈದ್ಯರು ಒಪ್ಪುವವರೆಗೆ ಕಾವೇರಮ್ಮ ಕಾದಾಳು. ಆಮೇಲೂ ಪಾಚಿ ಹಿಡಿದ ಸೋಪಾನದಲ್ಲಿ ಒಬ್ಬರ ತೋಳು ಹಿಡಿಯದೆ ಇಳಿಯಬಾರದು.

ಯಾವುದು ಸಹಜ, ಯಾವುದಕ್ಕೆ ಆ ಗಳಿಗೆಯಲ್ಲಿಯೇ ಓಡಬೇಕು ಎಂಬ ವಿವೇಕ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡು ಗಡುಸಾಗಿ ಊದಿಕೊಂಡರೆ, ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಬಿಡಿಸಿಕೊಂಡು ಶ್ವಾಸಕೋಶಕ್ಕೆ ಹೋದರೆ ತಟ್ಟನೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ. ಅದು ಬೆಳಗಾಗಲೆಂದು ಕಾಯುವ ಕಾಯಿಲೆಯಲ್ಲ, ಅಂಬ್ಯುಲೆನ್ಸ್ ಕರೆಯಬೇಕಾದದ್ದು. ರಕ್ತ ತಿಳಿಯಾಗಿಸುವ ಗುಳಿಗೆ ಅಥವಾ ಚುಚ್ಚುಮದ್ದನ್ನು ಹೇಳಿದಷ್ಟು ದಿನವೂ ತಪ್ಪಿಸದೆ ಕೊಡುವುದು ಇದಕ್ಕಾಗಿಯೇ. ಪಾದ ಆಡಿಸುವ ವ್ಯಾಯಾಮವೂ ಇದಕ್ಕಾಗಿಯೇ. ಇನ್ನೊಂದು, ಸೋಂಕು. ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಗಾಯದ ಸುತ್ತ ಕೆಂಪು ಹರಡಿದರೆ, ರಸಿಕೆ ಒಸರಿದರೆ, ಚಳಿಜ್ವರ ಬಂದರೆ, ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೇ ತೋರಿಸಬೇಕು. ಮೂಲೆಯ ಮೆಡಿಕಲ್ ಅಂಗಡಿಯಲ್ಲಿ ಐದು ದಿನದ ಆಂಟಿಬಯೋಟಿಕ್ ತಂದು ನುಂಗಿಸುವುದು ಉಪಕಾರವಲ್ಲ. ಕೀಲಿನೊಳಗಿನ ದ್ರವವನ್ನು ತೆಗೆದು ಯಾವ ಕ್ರಿಮಿಯೆಂದು ಪರೀಕ್ಷಿಸುವ ಮೊದಲೇ ಮದ್ದು ಹೊಟ್ಟೆಗೆ ಹೋದರೆ, ಕ್ರಿಮಿ ಸಾಯದೆ ಅಡಗಿಕೊಳ್ಳುತ್ತದೆ, ಪರೀಕ್ಷೆಗೂ ಸಿಗುವುದಿಲ್ಲ. ವರ್ಷಗಳು ಕಳೆದ ಮೇಲೂ ಕೊಳೆತ ಹಲ್ಲು, ಪಾದದ ಹುಣ್ಣು, ಮೂತ್ರದ ಸೋಂಕು ಇವುಗಳಿಂದ ಕ್ರಿಮಿ ರಕ್ತದ ಮೂಲಕ ಲೋಹದ ಕೀಲಿಗೆ ಬಂದು ಸೇರಬಲ್ಲದು. ಅವನ್ನು ಅಸಡ್ಡೆ ಮಾಡಬಾರದು.

ಮನೆಯನ್ನು ಸಿದ್ಧಗೊಳಿಸುವ ಕೆಲಸ ಆಸ್ಪತ್ರೆಗೆ ಹೋಗುವ ಮೊದಲೇ ಆಗಬೇಕಾದದ್ದು. ಆಗುವುದು ಮಾತ್ರ ಬಂದ ಮೇಲೆ, ಗಡಿಬಿಡಿಯಲ್ಲಿ. ಖರ್ಚು ದೊಡ್ಡದಲ್ಲ. ಚಾಪೆಯನ್ನು ಬಿಟ್ಟು ಮಂಚ. ತೋಳುಳ್ಳ, ಗಟ್ಟಿಯಾದ, ಎತ್ತರದ ಕುರ್ಚಿ. ಅದರ ಕೂಡುವ ಹಲಗೆ ಮಂಡಿಗಿಂತ ತಗ್ಗಿರಬಾರದು. ಪಾಯಖಾನೆಯಲ್ಲಿ ಕಮೋಡ್ ಇಲ್ಲದಿದ್ದರೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿ. ಗೋಡೆಗೆ ಒಂದು ಹಿಡಿಕೆ. ಟವಲ್ ಕೋಲನ್ನು ಹಿಡಿಕೆಯೆಂದು ನಂಬಿ ಬಿದ್ದವರಿದ್ದಾರೆ. ಕಾಲಿಗೆ ಸಿಕ್ಕುವ ಚಾಪೆ, ಕಾಲೊರಸು, ತೊಟ್ಟಿಯಂಗಳದ ಒದ್ದೆ, ನೆಲಕ್ಕೆ ಬಿಟ್ಟ ಚಾರ್ಜರಿನ ತಂತಿ, ಇವನ್ನೆಲ್ಲ ತೆಗೆಯಬೇಕು. ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ, ಕರೆಂಟು ಹೋಗುವ ಊರಾದ್ದರಿಂದ ದಿಂಬಿನ ಪಕ್ಕದಲ್ಲಿ ಒಂದು ಟಾರ್ಚು. ಹೊಸ್ತಿಲನ್ನು ಕೀಳಬೇಕಾಗಿಲ್ಲ; ಅದರ ಎರಡು ಮಗ್ಗುಲಿಗೂ ಜಾರದ ಹಲಗೆಯನ್ನು ಬಡಗಿಯಿಂದ ಭದ್ರವಾಗಿ ಕೂರಿಸಿದರೆ ಲಕ್ಷ್ಮಿಗೂ ಅಡ್ಡಿಯಿಲ್ಲ, ವಾಕರಿಗೂ ಅಡ್ಡಿಯಿಲ್ಲ.

ವಾಕರಿನಿಂದ ಕೋಲಿಗೆ ಬರುವುದು ಕೆಲವರಿಗೆ ಮೂರು ವಾರ, ಕೆಲವರಿಗೆ ಆರು ವಾರ. ಕೋಲನ್ನು ನೋವಿರುವ ಕಾಲಿನ ಕಡೆಯ ಕೈಯಲ್ಲಿಯೇ ಹಿಡಿಯುವುದು ಎಲ್ಲರಿಗೂ ತೋಚುವ ರೀತಿ, ಅದು ತಪ್ಪು. ಬಲಮಂಡಿಗೆ ಶಸ್ತ್ರಕ್ರಿಯೆಯಾಗಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲು ನೆಲ ಮುಟ್ಟುವಾಗ ಎಡಗೈಯ ಕೋಲೂ ನೆಲ ಮುಟ್ಟಿದರೆ ಮೈಭಾರ ಎರಡು ಕಡೆಗೂ ಹಂಚಿಹೋಗುತ್ತದೆ, ನಡಿಗೆಯೂ ಓಲಾಡುವುದಿಲ್ಲ. ಮೆಟ್ಟಿಲಿನ ನಿಯಮ ಇನ್ನೂ ಸುಲಭ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು. ಮೊದಲ ದಿನ ಕಾರಿನಿಂದಿಳಿದ ಹಿರಿಯಾಕೆಗೆ ಆ ಮೂರು ಮೆಟ್ಟಿಲ ಮುಂದೆ ಬೇಕಾಗಿದ್ದುದು ಇಷ್ಟು ಮಾತು, ಮತ್ತು ಹಿಂದೆ ನಿಂತ ಒಬ್ಬರ ಕೈ.

ನೆಲದ ಮೇಲೆ ಕೂರುವ ಪ್ರಶ್ನೆ ಕಡೆಗೆ ಬಂದೇ ಬರುತ್ತದೆ. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರದ ಬಾಳು ಬಾಳೇ ಎನ್ನುವವರುಂಟು. ಹೆಚ್ಚು ಬಗ್ಗುವ ಮಂಡಿಗಳೆಂದು ಮಾರುವವೂ ಉಂಟು. ಆದರೂ ಕುಕ್ಕರಿಸಿ ಕೂರುವುದನ್ನೂ ನೆಲಕ್ಕೆ ಕೂತು ಏಳುವುದನ್ನೂ ಬಿಡುವುದೇ ಒಳಿತೆಂದು ಹೆಚ್ಚಿನ ವೈದ್ಯರು ಹೇಳುತ್ತಾರೆ; ಪಾಲಿಥೀನಿನ ಹಲಗೆ ಸವೆಯುವುದು ಅಂಥ ಒತ್ತಡದಲ್ಲಿ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ ನೂರು ಕೃತಕ ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಇದೇ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು 2003ರವರೆಗೆ ಬಾಳಿದರು; ಆಯುಸ್ಸನ್ನು ಯಾರು ಅಳೆದಿದ್ದಾರೆ? ಅರುವತ್ತೆಂಟಕ್ಕೆ ಹಾಕಿಸಿದ ಮಂಡಿಗೆ ತೊಂಬತ್ತರವರೆಗೆ ಕೆಲಸವಿರಬಹುದು. ದೇವರ ಮುಂದೆ ಒಂದು ಕುರ್ಚಿ ಹಾಕಿಕೊಂಡರೆ ದೇವರು ಮುನಿಯುವುದಿಲ್ಲ. ಕುರ್ಚಿ ಹಾಕಿಕೊಂಡವರನ್ನು ನೋಡಿ ಮುನಿಯುವವರು ಬೇರೆ.

ಸೊಂಟದ ಕೀಲಿನ ಮಾತು ಇದಕ್ಕಿಂತ ಭಿನ್ನ. ಅದು ಬಹುಪಾಲು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯೆಲುಬಿನ ಕುತ್ತಿಗೆ ಮುರಿದವರ ಮನೆಗೆ ಬರುವ ಚಿಕಿತ್ಸೆ. ಅಲ್ಲಿ ಬಗ್ಗಿಸುವ ಹಟವಿಲ್ಲ, ಬಗ್ಗಿಸದಿರುವ ಎಚ್ಚರಿಕೆಯಿದೆ. ಹಿಂಭಾಗದಿಂದ ಕೊಯ್ದ ಸೊಂಟವಾದರೆ ಆರರಿಂದ ಹನ್ನೆರಡು ವಾರ ತಗ್ಗಿನ ಆಸನ, ಕಾಲ ಮೇಲೆ ಕಾಲು ಹಾಕುವುದು, ಕುಳಿತು ಮುಂದಕ್ಕೆ ಬಾಗಿ ನೆಲದ ವಸ್ತು ಎತ್ತಿಕೊಳ್ಳುವುದು ಇವು ವರ್ಜ್ಯ, ಕೀಲು ಜಾರಬಹುದು. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬು. ಮಂಡಿಯವರ ಮನೆಯಲ್ಲಿ ಕೇಳಿದ ಉಪದೇಶವನ್ನು ಸೊಂಟದವರ ಮನೆಗೆ ಒಯ್ಯಬಾರದು.

ಆರು ವಾರ ಕಳೆದ ಒಂದು ಬೆಳಗ್ಗೆ ಆ ಹಿರಿಯಾಕೆ ಕೋಲು ಹಿಡಿದು ತಾನೇ ಜಗಲಿಗೆ ಬಂದು, ಇಳಿದು, ಬೀದಿಯ ಕೊನೆಯ ಸೌಮ್ಯಕೇಶವನ ಗುಡಿಯ ಮುಂದಿನವರೆಗೆ ಹೋಗಿ ಬಂದರೆಂದಿಟ್ಟುಕೊಳ್ಳೋಣ. ಮೂಲೆಗೆ ಒರಗಿದ ವಾಕರನ್ನು ಕೇಳಿಕೊಂಡು ಪಾಂಡವಪುರದಿಂದ ತಂಗಿಯ ಮಗ ಬರುತ್ತಾನೆ. ಅವನ ತಾಯಿಗೆ ಮುಂದಿನ ತಿಂಗಳು ಶಸ್ತ್ರಕ್ರಿಯೆ. ಈ ಸೀಮೆಯಲ್ಲಿ ವಾಕರುಗಳು ತೊಟ್ಟಿಲಿನಂತೆ ಮನೆಯಿಂದ ಮನೆಗೆ ಹೋಗುತ್ತವೆ, ಒಳ್ಳೆಯದೇ. ಕೊಡುವ ಮೊದಲು ಅಡಿಯ ರಬ್ಬರ್ ಬಿರಡೆಗಳನ್ನು ಬೋರಲು ಹಾಕಿ ನೋಡಬೇಕು. ನಾಲ್ಕರಲ್ಲಿ ಎರಡಾದರೂ ಸವೆದು ನುಣುಪಾಗಿರುತ್ತವೆ. ಅವು ಮೆಡಿಕಲ್ ಅಂಗಡಿಗಳಲ್ಲಿ ಬಿಡಿಯಾಗಿಯೇ ಸಿಗುತ್ತವೆ. ಎತ್ತರವನ್ನೂ ಹೊಸಬರ ಮೈಗೆ ಸರಿಪಡಿಸಬೇಕು: ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರುವಂತೆ.